ಸೇನೆಯ ಧರ್ಮಗುರು ಆಗ್ಬೇಕಾ? ಮೊದಲು ಪಕ್ಕದಲ್ಲಿ ಕೂರೋದು ಕಲಿಯಿರಿ

ಹೋದ ತಿಂಗಳು ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಮನೆಗೆ ಬಂದಿದ್ದ. ಶೃಂಗೇರಿಯಲ್ಲಿ ಸಂಸ್ಕೃತ ಓದಿದ್ದಾನೆ, ಪೌರೋಹಿತ್ಯ ಗೊತ್ತು, ವಯಸ್ಸು 26. ಜಗಲಿಯಲ್ಲಿ ಕೂತು ಕಷಾಯ ಕುಡೀತಾ, "ಮಾವ, ಮಿಲಿಟರಿಯಲ್ಲೂ ಭಟ್ರ ಕೆಲಸ ಇದೆಯಂತಲ್ಲ, ನಾನು ಸೇರಬಹುದಾ? ಅಲ್ಲಿ ದಿನಾ ಪೂಜೆ ಮಾಡಿಕೊಂಡಿದ್ದರೆ ಆಯ್ತಲ್ವಾ?" ಅಂತ ಕೇಳಿದ. ನಾನು ಸೇನೆಯಲ್ಲಿ 20 ವರ್ಷ ಪಂಡಿತ್‌ಜೀ ಅನ್ನಿಸಿಕೊಂಡವನು. ಅವನಿಗೆ ಅವತ್ತು ಹೇಳಿದ್ದನ್ನೂ, ಅವನು ಹೋದ ಮೇಲೆ ನೆನಪಾದದ್ದನ್ನೂ ಸೇರಿಸಿ ಇಲ್ಲಿ ಬರೀತಿದ್ದೇನೆ. ನಮ್ಮ ಕಡೆಯ ಹುಡುಗರಿಗೆ ಈ ಕೆಲಸ ಇದೆ ಅನ್ನೋದೇ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿದ್ದವರೂ ದೇವಸ್ಥಾನದ ಪೂಜೆಯೇ ಯೂನಿಫಾರಂ ಹಾಕಿಕೊಂಡಿದೆ ಅಂತ ತಿಳಿದಿದ್ದಾರೆ.

ಸೇರುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹುದ್ದೆಯ ಹೆಸರು ಧರ್ಮಗುರು. ಪಂಡಿತ್, ಸಿಖ್ಖರ ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಷು, ಎಲ್ಲರಿಗೂ ಜಾಗ ಇದೆ. ಸೇರುವಾಗಲೇ ನಾಯಬ್ ಸುಬೇದಾರ್, ಅಂದರೆ ಜವಾನರಿಗೂ ಅಧಿಕಾರಿಗಳಿಗೂ ನಡುವಿನ ಜೆಸಿಒ ದರ್ಜೆ. ಯಾವುದಾದರೂ ಡಿಗ್ರಿ ಆಗಿರಬೇಕು. ಪಂಡಿತ್ ಆಗೋದಾದರೆ ಸಂಸ್ಕೃತದಲ್ಲಿ ಆಚಾರ್ಯ ಆಗಿರಬೇಕು, ಇಲ್ಲಾ ಶಾಸ್ತ್ರಿ ಮುಗಿಸಿ ಕರ್ಮಕಾಂಡದಲ್ಲಿ ಒಂದು ವರ್ಷದ ಡಿಪ್ಲೊಮಾ ಇರಬೇಕು. ಪಾದ್ರಿ ಆಗುವವರಿಗೆ ದೀಕ್ಷೆ ಆಗಿದ್ದು, ಬಿಷಪ್ಪರ ಪಟ್ಟಿಯಲ್ಲಿ ಹೆಸರಿರಬೇಕು. ಲಿಖಿತ ಪರೀಕ್ಷೆ, ಮೆಡಿಕಲ್, ಸಂದರ್ಶನ ಎಲ್ಲಾ ಇರುತ್ತದೆ. 1600 ಮೀಟರ್ ಓಡೋದೂ ಇದೆ, 8 ನಿಮಿಷದೊಳಗೆ. ವಯಸ್ಸಿನ ಮಿತಿ ಆಗಾಗ ಬದಲಾಗುತ್ತದೆ, ಹಾಗಾಗಿ ಸೇನೆಯ ನೇಮಕಾತಿ ವೆಬ್‌ಸೈಟಿನಲ್ಲಿ ಆ ವರ್ಷದ ಪ್ರಕಟಣೆ ನೋಡಿಯೇ ಅರ್ಜಿ ಹಾಕಿ. ಆಯ್ಕೆ ಆದಮೇಲೆ ಪುಣೆಯ ರಾಷ್ಟ್ರೀಯ ಏಕೀಕರಣ ಸಂಸ್ಥೆಯಲ್ಲಿ ತರಬೇತಿ. ಅಲ್ಲಿ ಎಲ್ಲ ಧರ್ಮದ ಗುರುಗಳೂ ಒಟ್ಟಿಗೇ ಕಲೀತಾರೆ. ಆ ದಿನಗಳನ್ನು ಹಗುರವಾಗಿ ತಗೋಬೇಡಿ. ಪಕ್ಕದ ಮಂಚದ ಮೌಲ್ವಿಯವರು ಬೆಳಗಿನ ಜಾವ ನಮಾಜಿಗೆ ಏಳುವಾಗ ನೀವು ಸಂಧ್ಯಾವಂದನೆಗೆ ಏಳ್ತೀರಿ. ಮುಂದೆ ಯಾವುದೋ ಪೋಸ್ಟಿನಲ್ಲಿ ಮೌಲ್ವಿ ಇಲ್ಲದ ಹೊತ್ತಲ್ಲಿ ಒಬ್ಬ ಮುಸ್ಲಿಂ ಜವಾನ ಏಟು ತಿಂದು ಮಲಗಿದ್ದಾಗ, ಆ ಮಂಚದ ಪಕ್ಕದ ಸ್ನೇಹವೇ ಕೆಲಸಕ್ಕೆ ಬರೋದು.

ಸೇರುವ ಮೊದಲು ಊರಲ್ಲೇ ಏನು ತಯಾರಿ ಮಾಡಬೇಕು? ಓಟ ಅಂತೂ ಸರಿ, ದಿನಾ ಬೆಳಿಗ್ಗೆ ಓಡಿ. ಶಿವಮೊಗ್ಗದಲ್ಲಿದ್ದರೆ ನೆಹರು ಸ್ಟೇಡಿಯಂ ಇದೆ, ಹಳ್ಳಿಯಲ್ಲಿದ್ದರೆ ಘಟ್ಟದ ಏರು ಇದೆ. ಹಿಂದಿ ಚೆನ್ನಾಗಿ ಕಲಿಯಿರಿ. ಪುಸ್ತಕದ ಹಿಂದಿ ಸಾಲದು, ಸಮಾಧಾನ ಹೇಳುವಷ್ಟು ಬರಬೇಕು. ಪ್ರಥಮ ಚಿಕಿತ್ಸೆ ಕಲಿಯಿರಿ. ವಾರಕ್ಕೊಂದು ದಿನ ಮೆಗ್ಗಾನ್ ಆಸ್ಪತ್ರೆಗೆ ಹೋಗಿ, ಯಾರೂ ನೋಡೋಕೆ ಬಾರದ ರೋಗಿಯ ಹತ್ತಿರ ಅನುಮತಿ ಕೇಳಿ ಅರ್ಧ ಗಂಟೆ ಕೂತು ಬನ್ನಿ. ಏನೂ ಉಪದೇಶ ಬೇಡ. ಸುಮ್ನೆ ಕೂರೋದು ಎಷ್ಟು ಕಷ್ಟ ಅನ್ನೋದು ಮೊದಲ ದಿನವೇ ಗೊತ್ತಾಗುತ್ತದೆ. ಐದೇ ನಿಮಿಷಕ್ಕೆ ಕೈ ಜೇಬಿಗೆ ಹೋಗುತ್ತದೆ, ಮೊಬೈಲ್ ತೆಗೆಯೋಣ ಅನ್ನಿಸುತ್ತದೆ, ಇಲ್ಲಾ ಯಾವುದಾದರೂ ಶ್ಲೋಕ ಹೇಳಿಬಿಡೋಣ ಅನ್ನಿಸುತ್ತದೆ.

ಕೇಳಿಸಿಕೊಳ್ಳೋದನ್ನ ನಾನು ಕಲಿತದ್ದು ಅಡಿಕೆ ಸುಲಿಯುವ ಚಪ್ಪರದಲ್ಲಿ. ಕೊಯ್ಲಿನ ಕಾಲದಲ್ಲಿ ರಾತ್ರಿ ಲೈಟಿನ ಕೆಳಗೆ ಹೆಂಗಸರು, ಗಂಡಸರು ಮೆಟ್ಟುಗತ್ತಿ ಮುಂದೆ ಕೂತಿರುತ್ತಾರಲ್ಲ, ಅಲ್ಲಿ ಯಾರೂ ಯಾರ ಮುಖ ನೋಡೋದಿಲ್ಲ. ಕಣ್ಣೆಲ್ಲ ಕತ್ತಿಯ ಮೇಲೆ. ಅದಕ್ಕೇ ಹಗಲು ಬಾಯಿ ಬಿಡದವರೂ ಅಲ್ಲಿ ಮನಸ್ಸು ಬಿಚ್ಚುತ್ತಾರೆ. ಸಾಲದ ವಿಷಯ, ಮಗಳ ವಿಷಯ, ಸತ್ತವರ ವಿಷಯ. ಕೈಗೆ ಕೆಲಸ ಇದ್ದಾಗ, ಎದುರಿಗಿರುವವನು ದಿಟ್ಟಿಸಿ ನೋಡದೇ ಇದ್ದಾಗ ಮಾತು ತಾನಾಗಿ ಬರುತ್ತದೆ. ಇದನ್ನ ನೆನಪಿಟ್ಟುಕೊಳ್ಳಿ.

ಈಗ ಅಸಲು ಕೆಲಸಕ್ಕೆ ಬರೋಣ. ಶಾಂತಿಯ ಕಾಲದಲ್ಲಿ ಯೂನಿಟ್ಟಿನ ಮಂದಿರ, ಹಬ್ಬ, ವಾರದ ಮಂದಿರ ಪೆರೇಡ್, ಹೊಸ ಜವಾನರ ಪ್ರತಿಜ್ಞೆ, ಆಸ್ಪತ್ರೆಯಲ್ಲಿರುವವರನ್ನ ನೋಡೋದು, ಶಿಕ್ಷೆಗೆ ಒಳಗಾಗಿ ಒಳಗಿರುವವರನ್ನ ಭೇಟಿ ಮಾಡೋದು, ಜವಾನರ ಮಕ್ಕಳಿಗೆ ನಾಲ್ಕು ಒಳ್ಳೆ ಮಾತು ಹೇಳೋದು, ಅಂತ್ಯಸಂಸ್ಕಾರ. ಇದೆಲ್ಲ ಕಾಗದದ ಮೇಲೆ ಬರೆದಿರುವ ಕೆಲಸ. ಬೇರೆ ಬೇರೆ ಧರ್ಮದವರು ಸೇರಿರುವ ಯೂನಿಟ್ಟುಗಳಲ್ಲಿ ಸರ್ವಧರ್ಮ ಸ್ಥಳ ಅಂತ ಇರುತ್ತದೆ, ಒಂದೇ ಸೂರಿನ ಕೆಳಗೆ ಎಲ್ಲ ದೇವರು. ಇನ್ನೊಂದು ಒಳ್ಳೆ ಪದ್ಧತಿ ಇದೆ. ಅಧಿಕಾರಿಯ ಧರ್ಮ ಯಾವುದೇ ಇರಲಿ, ತನ್ನ ಜವಾನರ ಪ್ರಾರ್ಥನೆಗೆ ಬಂದು ಅವರ ಜೊತೆ ನೆಲದಲ್ಲಿ ಕೂರುತ್ತಾರೆ. ನಾನು ಇದನ್ನ ನೋಡಿದ ಮೊದಲ ದಿನ ಕಣ್ಣು ತುಂಬಿಕೊಂಡಿದ್ದೆ.

ಯುದ್ಧ ಶುರುವಾದರೆ ಮಂದಿರ ನಿಮ್ಮ ಬೆನ್ನ ಮೇಲಿನ ಚೀಲಕ್ಕೆ ಬರುತ್ತದೆ. ಚೀಲದಲ್ಲಿ ಏನಿರಬೇಕು ಅಂತ ಎಲ್ಲರೂ ಕೇಳ್ತಾರೆ. ಒಂದು ಸಣ್ಣ ಗೀತೆ, ಕರ್ಪೂರ, ಕುಂಕುಮ, ಕೆಂಪು ದಾರ, ಗಂಗಾಜಲದ ಪುಟ್ಟ ಬಾಟಲಿ. ಬೆಂಕಿಪೊಟ್ಟಣವನ್ನ ಎರಡೆರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗಿನ ಜೇಬಿನಲ್ಲಿಡಿ. ಮಲೆನಾಡಿನ ಮಳೆಗಾಲ ಕಂಡವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಆದರೆ ಮೇಲೆ ಗಡಿಯ ಬೆಟ್ಟಗಳ ಚಳಿ ಬೇರೆ. ಅಲ್ಲಿ ಗಂಗಾಜಲ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ತುಪ್ಪ ಕಲ್ಲಾಗುತ್ತದೆ. ಒಮ್ಮೆ ತೆಂಗಿನಕಾಯಿ ಒಡೆದರೆ ನೀರೇ ಇಲ್ಲ, ಒಳಗೆ ಐಸಿನ ಗಡ್ಡೆ ಹೊಳೀತಾ ಕೂತಿತ್ತು. ಹುಡುಗರು ಅದನ್ನೇ ಚೂರು ಮಾಡಿ ತೀರ್ಥ ಅಂತ ಬಾಯಿಗೆ ಹಾಕಿಕೊಂಡರು. ಬಾಟಲಿಯನ್ನ ಎದೆಗೆ ತಾಗುವ ಹಾಗೆ ಬಟ್ಟೆಯೊಳಗೆ ಇಟ್ಟುಕೊಂಡರೆ ನೀರು ನೀರಾಗಿಯೇ ಇರುತ್ತದೆ. ಇದೆಲ್ಲಕ್ಕಿಂತ ಮುಖ್ಯ ಒಂದು ನೋಟ್‌ಬುಕ್ ಮತ್ತು ಸೀಸದ ಕಡ್ಡಿ. ಚಳಿಗೆ ಪೆನ್ನು ಬರೆಯೋದಿಲ್ಲ. ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರ ಹೆಸರು, ಊರು, ಅಮ್ಮನ ಹೆಸರು, ಧರ್ಮ, ಮನೆಯಲ್ಲಿ ಅವನನ್ನ ಏನಂತ ಕರೀತಾರೆ, ಇಷ್ಟು ಬರೆದಿಟ್ಟುಕೊಳ್ಳಿ. ಮನೆಯ ಹೆಸರು ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಪಲ್ಟನ್ ಮುಂದೆ ಹೋಗುವ ಹಿಂದಿನ ರಾತ್ರಿ ಉದ್ದ ಭಾಷಣ ಮಾಡಬೇಡಿ. ಐದು ನಿಮಿಷದ ಪ್ರಾರ್ಥನೆ ಸಾಕು. ಆಮೇಲೆ ಒಬ್ಬೊಬ್ಬರ ಹತ್ತಿರ ಹೋಗಿ ಹೆಸರು ಹಿಡಿದು ಮಾತಾಡಿಸಿ. "ನಿನಗೆ ಏನೂ ಆಗೋದಿಲ್ಲ" ಅಂತ ಮಾತು ಕೊಡಲೇಬೇಡಿ. ಅದು ನಿಮ್ಮ ಕೈಯಲ್ಲಿಲ್ಲ, ಅವನಿಗೂ ಗೊತ್ತು. ಬೆಳಿಗ್ಗೆ ಅವನ ಗೆಳೆಯ ಬಿದ್ದರೆ ನಿಮ್ಮ ಮಾತಿಗೆ ಆಮೇಲೆ ಬೆಲೆ ಇರೋದಿಲ್ಲ. "ನಾನು ಕೆಳಗೆ ಡಾಕ್ಟರ್ ಹತ್ತಿರ ಇರ್ತೀನಿ, ನೀನು ಬರೋವರೆಗೂ ಇರ್ತೀನಿ" ಅನ್ನಿ. ಹೇಳಿದ ಮೇಲೆ ಅಲ್ಲೇ ಇರಿ. ಕಾಗದ ಕೊಟ್ಟರೆ ಇಟ್ಟುಕೊಳ್ಳಿ, ಓದಬೇಡಿ. ಹೆದರಿಕೆ ಆಗ್ತಿದೆ ಅಂದವನಿಗೆ ಧೈರ್ಯ ತುಂಬೋಕೆ ಹೋಗೋದಕ್ಕಿಂತ, ನನಗೂ ಆಗ್ತಿದೆ ಅಂತ ನಿಜ ಹೇಳೋದು ಒಳ್ಳೇದು.

ಹೀಗೆ ಜೊತೆಯಲ್ಲೇ ಇರುವ ಕೆಲಸದಲ್ಲಿ ನನಗೆ ಗುರು ಅಂದರೆ ಥಿಯೋಡೋರ್ ಬೇಲಿ ಹಾರ್ಡಿ ಅನ್ನುವ ಇಂಗ್ಲೆಂಡಿನ ಪಾದ್ರಿ. ಮೊದಲ ಮಹಾಯುದ್ಧಕ್ಕೆ ಹೋದಾಗ ಅವರಿಗೆ 50 ದಾಟಿತ್ತು. ಅಲ್ಲಿ ಆಗಲೇ ಹೆಸರು ಮಾಡಿದ್ದ ಸ್ಟಡರ್ಟ್ ಕೆನಡಿ ಅನ್ನುವ ಇನ್ನೊಬ್ಬ ಪಾದ್ರಿಯನ್ನ, ನಾನು ಏನು ಮಾಡಬೇಕು ಅಂತ ಕೇಳಿದರಂತೆ. ಸೈನಿಕರ ಜೊತೆಯೇ ಬದುಕು, ಅವರು ಹೋದಲ್ಲೆಲ್ಲ ಹೋಗು, ಅಪಾಯ ಎಲ್ಲಿ ಜಾಸ್ತಿಯೋ ಪಾದ್ರಿಯ ಜಾಗ ಅದೇ ಅನ್ನುವ ಅರ್ಥದ ಉತ್ತರ ಬಂತು. ಹಾರ್ಡಿ ಅದನ್ನ ಹಾಗೇ ಪಾಲಿಸಿದರು. ರಾತ್ರಿ ಕತ್ತಲಲ್ಲಿ ಕಂದಕದ ಕಡೆ ತೆವಳಿಕೊಂಡು ಹೋಗುವಾಗ ಸೈನಿಕರು ಬೆಚ್ಚದಿರಲಿ ಅಂತ "ನಾನೇ ಕಣ್ರಪ್ಪ, ಬೇರೆ ಯಾರೂ ಅಲ್ಲ" ಅನ್ನುವ ಹಾಗೆ ಒಂದು ಮಾತು ಹೇಳ್ತಿದ್ದರು. ಅದು ಅವರ ಗುರುತೇ ಆಗಿಬಿಟ್ಟಿತ್ತು. 1918ರಲ್ಲಿ ಅವರಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ, ಯುದ್ಧ ಮುಗಿಯೋಕೆ ಒಂದು ತಿಂಗಳೂ ಇಲ್ಲದಾಗ, ಗಾಯದಿಂದ ತೀರಿಕೊಂಡರು. ಬಂಕರಿಗೆ ಬಗ್ಗಿ ಹೋಗುವಾಗಲೆಲ್ಲ ನಾನೂ "ಮೈ ಹೂಂ, ಪಂಡಿತ್" ಅಂತ ಮೊದಲೇ ಹೇಳ್ತಿದ್ದೆ.

ಗಾಯಾಳು ಬಂದಾಗ ಏನು ಮಾಡಬೇಕು ಅನ್ನೋದು ಗಮನ ಇಟ್ಟು ಓದಿ. ಮೊದಲು ಡಾಕ್ಟರ್ ಸಾಹೇಬರ ಅನುಮತಿ. ಅವರ ಕೈಗೆ, ಬೆಳಕಿಗೆ ಅಡ್ಡ ನಿಲ್ಲಬೇಡಿ. ಸ್ಟ್ರೆಚರ್ ಹಿಡಿಯೋಕೆ ಜನ ಸಾಲದಿದ್ದರೆ ಹಿಡಿಯಿರಿ. ಆಮೇಲೆ ಅವನ ತಲೆಯ ಪಕ್ಕ ನೆಲದಲ್ಲಿ ಕೂತುಕೊಳ್ಳಿ. ನಿಂತುಕೊಂಡು ಬಗ್ಗಿ ಮಾತಾಡಿದರೆ ಮಲಗಿದವನಿಗೆ ಹೆದರಿಕೆ ಆಗುತ್ತದೆ. ನೀರು ಕೇಳ್ತಾನೆ, ಎಲ್ಲರೂ ಕೇಳ್ತಾರೆ. ಡಾಕ್ಟರ್ ಹೇಳದೆ ಕೊಡಬೇಡಿ, ಹೊಟ್ಟೆಗೆ ಏಟು ಬಿದ್ದವನಿಗಂತೂ ಕೊಡಲೇಬೇಡಿ. ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿ. ಕೈ ಹಿಡಿದುಕೊಳ್ಳಿ. ಈಗ ಆ ನೋಟ್‌ಬುಕ್ಕಿನ ಮನೆಯ ಹೆಸರು. ಪ್ರಜ್ಞೆ ಜಾರುತ್ತಿರುವವನು ಸೇನೆಯ ನಂಬರಿಗೆ ಓಗೊಡೋದಿಲ್ಲ, ಪೂರ್ತಿ ಹೆಸರಿಗೂ ಓಗೊಡೋದಿಲ್ಲ. ಅಮ್ಮ ಕರೆಯುವ ಹೆಸರಿಗೆ ಕಣ್ಣು ಬಿಡ್ತಾನೆ. ನಾನು ನೋಡಿದ್ದೇನೆ.

ಇಲ್ಲಿ ನಾನು ತಪ್ಪಿದ ಒಂದು ಸಂಗತಿ ಹೇಳಲೇಬೇಕು. ಒಬ್ಬ ಹುಡುಗನನ್ನ ತಂದು ಮಲಗಿಸಿದರು, ತೊಡೆಗೆ ಏಟು, ಮುಖ ಬಿಳಿಚಿಕೊಂಡಿತ್ತು. ನಾನು ಕೂತವನೇ ಮೃತ್ಯುಂಜಯ ಶುರು ಮಾಡಿದೆ. ಜೋರಾಗಿ, ಒಂದರ ಮೇಲೊಂದು. ಅವನು ಕೇಳಿಸಿಕೊಳ್ತಿದ್ದಾನೋ ಇಲ್ಲವೋ ನೋಡಲೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ತೋಳು ಎಳೆದು ಕನ್ನಡದಲ್ಲಿ ಕೇಳಿದ, "ಭಟ್ರೇ, ಊರಲ್ಲಿ ಮಳೆ ಹಿಡೀತಾ? ಮಂಟಪ ಮುಳುಗಿತಾ?" ಶಿವಮೊಗ್ಗದ ಕಡೆಯ ಹುಡುಗ. ತುಂಗೆ ತುಂಬಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತಾ ಅನ್ನೋದು ನಮ್ಮ ಪ್ರತಿ ಮಳೆಗಾಲದ ಮಾತಲ್ವಾ? ಮಂತ್ರ ಅವನಿಗೆ ಬೇಕಿರಲಿಲ್ಲ. ನನ್ನ ಹೆದರಿಕೆಗೆ ನನಗೇ ಬೇಕಿತ್ತು. ಅಲ್ಲಿಂದ ಹೆಲಿಕಾಪ್ಟರ್ ಬರೋವರೆಗೂ ಮಳೆಯ ಮಾತೇ ಆಡಿದೆವು. ಗಾಜನೂರು ಡ್ಯಾಮಿನ ಗೇಟು ತೆಗೆಯೋದು, ತೀರ್ಥಹಳ್ಳಿಯ ರಾಮಮಂಟಪ, ಆಗುಂಬೆ ರಸ್ತೆಯ ಮಂಜು, ಬಚ್ಚಲೊಲೆ ಮುಂದೆ ಕಂಬಳಿ ಒಣಗಿಸೋದು, ಹಲಸಿನ ಹಪ್ಪಳ. ನಿದ್ದೆಗೆ ಜಾರೋಕೆ ಬಿಡದೆ ಮಾತಾಡಿಸ್ತಾ ಇರಿ ಅಂತ ಡಾಕ್ಟರೂ ಹೇಳಿದರು. ಅವನು ಬದುಕಿದ. ಈಗಲೂ ಮಂಟಪ ಮುಳುಗಿದ ದಿನ ನನಗೆ ಫೋನ್ ಮಾಡ್ತಾನೆ.

ಹಾಗಾಗಿ ಮೊದಲು ಕೇಳಿ, ಪ್ರಾರ್ಥನೆ ಮಾಡಲಾ? ಹೂಂ ಅಂದರೆ ಅವನ ಧರ್ಮದ್ದೇ ಮಾಡಿ. ಮೌಲ್ವಿ ಇಲ್ಲದಿದ್ದರೆ ಅವನ ಜೊತೆಯ ಮುಸ್ಲಿಂ ಜವಾನನನ್ನೇ ಕರೆದು ಕಿವಿಯಲ್ಲಿ ಕಲಿಮಾ ಹೇಳಿಸಿ. ಕ್ರೈಸ್ತನಾಗಿದ್ದರೆ ಅವನ ಭಾಷೆಯಲ್ಲಿ ಬೈಬಲ್ಲಿನ 23ನೇ ಕೀರ್ತನೆ ಓದಿ, ಒಂದು ಪ್ರತಿ ಚೀಲದಲ್ಲಿರಲಿ. 1943ರ ಫೆಬ್ರವರಿ 3ರಂದು ಗ್ರೀನ್‌ಲ್ಯಾಂಡ್ ಹತ್ತಿರ ಡಾರ್ಚೆಸ್ಟರ್ ಅನ್ನುವ ಅಮೆರಿಕದ ಹಡಗು ಮುಳುಗಿದಾಗ ಅದರಲ್ಲಿ ನಾಲ್ವರು ಗುರುಗಳಿದ್ದರು. ಒಬ್ಬರು ಯಹೂದಿ ರಬ್ಬಿ, ಒಬ್ಬರು ಕ್ಯಾಥೊಲಿಕ್, ಇಬ್ಬರು ಪ್ರಾಟೆಸ್ಟಂಟ್. ಜೀವರಕ್ಷಕ ಜಾಕೆಟ್ ಮುಗಿದಾಗ ತಮ್ಮದನ್ನೇ ಬಿಚ್ಚಿ ಎದುರಿಗಿದ್ದವರಿಗೆ ಕೊಟ್ಟರು. ಯಾವ ಧರ್ಮದವನು ಅಂತ ಯಾರೂ ಕೇಳಲಿಲ್ಲ.

ಸತ್ತವರ ವಿಷಯದಲ್ಲಿ ಆತುರ ಬೇಡ. ಮುಖ ಒರೆಸಿ, ಕಣ್ಣು ಮುಚ್ಚಿ, ಕೂದಲು ಸರಿ ಮಾಡಿ. ಜೇಬಿನಲ್ಲಿದ್ದ ಒಂದೊಂದು ವಸ್ತುವನ್ನೂ ಇಬ್ಬರ ಎದುರಿಗೆ ಪಟ್ಟಿ ಮಾಡಿ. ವಾಚ್, ಪರ್ಸ್, ಫೋಟೋ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ ಇದ್ದರೆ ಅದನ್ನೂ ಬರೆಯಿರಿ. ನಮಗೆ ಕಸ ಅನ್ನಿಸಿದ್ದು ಅವನ ಅಮ್ಮನಿಗೆ ಕಸ ಆಗಿರೋದಿಲ್ಲ. 1965, 1971ರ ಕಾಲದಲ್ಲಿ ಹೆಚ್ಚಿನವರ ಸಂಸ್ಕಾರ ಗಡಿಯ ಹತ್ತಿರವೇ ಆಗ್ತಿತ್ತು. 1999ರ ಕಾರ್ಗಿಲ್ ಯುದ್ಧದಿಂದ ದೇಹವನ್ನ ಊರಿಗೇ ಕಳಿಸೋದು ರೂಢಿಗೆ ಬಂತು. ಪೆಟ್ಟಿಗೆ ಮುಚ್ಚುವ ಮೊದಲು ಅವನನ್ನ ಕೊನೆಯದಾಗಿ ನೋಡಿ ಕೈ ಮುಗಿಯೋಕೆ ಅವನ ಸೆಕ್ಷನ್ನಿನ ಹುಡುಗರಿಗೆ ಸಮಯ ಕೊಡಿಸೋದು ನಿಮ್ಮ ಕೆಲಸ. ಎರಡೇ ನಿಮಿಷ ಆದರೂ ಸರಿ. ಅದು ಸಿಗದವರು ವರ್ಷಗಟ್ಟಲೆ ಒದ್ದಾಡ್ತಾರೆ.

ಶತ್ರುವಿನ ಶವಕ್ಕೂ ಇದೇ ಮರ್ಯಾದೆ. ಕಾರ್ಗಿಲ್‌ನಲ್ಲಿ ಪಾಕಿಸ್ತಾನದ ಸೈನಿಕರ ದೇಹಗಳನ್ನ ನಮ್ಮ ಸೇನೆಯೇ ಇಸ್ಲಾಮಿನ ವಿಧಿಯ ಪ್ರಕಾರ ಮಣ್ಣು ಮಾಡಿತು. ಸತ್ತವನಿಗೆ ಆದಷ್ಟು ಅವನ ಧರ್ಮದ ಪ್ರಕಾರವೇ ಗೌರವದ ಸಂಸ್ಕಾರ ಆಗಬೇಕು ಅಂತ 1949ರ ಜಿನೀವಾ ಒಪ್ಪಂದವೂ ಹೇಳುತ್ತದೆ. ಗೆಳೆಯನನ್ನ ಕಳಕೊಂಡು ಕೋಪದಲ್ಲಿರುವ ಹುಡುಗರಿಗೆ ಆ ಹೊತ್ತಲ್ಲಿ ಇದು ಹಿಡಿಸೋದಿಲ್ಲ. ವಾದ ಮಾಡಬೇಡಿ. ನೀವೇ ಗುದ್ದಲಿ ಹಿಡಿಯಿರಿ. ಇಬ್ಬರಾದರೂ ಬಂದು ಕೈ ಹಾಕ್ತಾರೆ.

ಅದೇ ಜಿನೀವಾ ಒಪ್ಪಂದದಲ್ಲಿ ಧರ್ಮಗುರುಗಳ ಬಗ್ಗೆಯೂ ಇದೆ. ಸೇನೆಯ ಜೊತೆಗಿದ್ದು ಧರ್ಮದ ಕೆಲಸ ಮಾತ್ರ ಮಾಡುವವರ ಮೇಲೆ ದಾಳಿ ಮಾಡುವ ಹಾಗಿಲ್ಲ. ಸಿಕ್ಕಿಬಿದ್ದರೂ ಅವರನ್ನ ಯುದ್ಧಕೈದಿ ಅಂತ ಲೆಕ್ಕಕ್ಕೆ ಹಿಡಿಯೋದಿಲ್ಲ, ಸೆರೆಯಲ್ಲಿರುವ ಸೈನಿಕರ ಸೇವೆಗೆ ಅವಕಾಶ ಕೊಡಬೇಕು. ಕೊರಿಯಾ ಯುದ್ಧದಲ್ಲಿ ಎಮಿಲ್ ಕಪಾನ್ ಅನ್ನುವ ಅಮೆರಿಕದ ಪಾದ್ರಿ 1950ರ ನವೆಂಬರಿನಲ್ಲಿ ಸಿಕ್ಕಿಬಿದ್ದರು. ಸೆರೆಯಲ್ಲಿ ತಗಡು ಬಡಿದು ಪಾತ್ರೆ ಮಾಡಿ, ಅದರಲ್ಲಿ ನೀರು ಕಾಯಿಸಿ, ಭೇದಿ ಹಿಡಿದವರ ಬಟ್ಟೆ ಒಗೆದು ಕೊಡ್ತಿದ್ದರು. 1951ರ ಮೇ 23ರಂದು ಅಲ್ಲೇ ತೀರಿಕೊಂಡರು. 2013ರಲ್ಲಿ ಅವರ ದೇಶ ಅತಿ ದೊಡ್ಡ ಶೌರ್ಯ ಪದಕ ಕೊಟ್ಟಿತು. ಪೂಜೆಯೋ ಪಾತ್ರೆಯೋ ಅಂತ ಅವರು ಬೇರೆ ಮಾಡಿ ನೋಡಲಿಲ್ಲ.

ಇನ್ನು ಅತಿ ಕಷ್ಟದ ಭಾಗ. ಯುದ್ಧ ಮುಗಿದು ವಾರವೋ ತಿಂಗಳೋ ಆದ ಮೇಲೆ ಒಬ್ಬ ಬರ್ತಾನೆ. "ಪಂಡಿತ್‌ಜೀ, ಹತ್ತಿರದಿಂದ ಹೊಡೆದೆ. ಅವನ ಮುಖ ಕಾಣುತ್ತದೆ. ಪಾಪ ಬಂತಾ?" ಈ ಪ್ರಶ್ನೆಗೆ ತಟ್ಟನೆ ಗೀತೆಯ ಶ್ಲೋಕ ಹೇಳಿ ಕಳಿಸಬೇಡಿ, ಕೈ ಮುಗಿದು ಕೇಳ್ತೀನಿ. ಶ್ಲೋಕ ಸುಳ್ಳಲ್ಲ, ಆದರೆ ಆ ಹೊತ್ತಲ್ಲಿ ಅದು ಬಾಗಿಲು ಹಾಕಿದ ಹಾಗೆ. ಮಾತು ಮುಗೀತು, ಇನ್ನು ಹೋಗು ಅಂದ ಹಾಗೆ ಕೇಳಿಸುತ್ತದೆ. ನಾನು ಹುಡುಗನಾಗಿದ್ದಾಗ ಹೊಸಹಳ್ಳಿಯಲ್ಲಿ ಗಮಕ ಕೇಳಿ ಬೆಳೆದವನು. ಕುಮಾರವ್ಯಾಸನ ಭಾರತ ಗದಾಪರ್ವಕ್ಕೇ ನಿಲ್ಲುತ್ತದೆ. ದುರ್ಯೋಧನ ಬಿದ್ದ, ಧರ್ಮರಾಯನಿಗೆ ಪಟ್ಟ ಆಯ್ತು, ಅಲ್ಲಿಗೆ ಮಂಗಳ. ಆದರೆ ವ್ಯಾಸರ ಭಾರತದಲ್ಲಿ ಆಮೇಲೆ ಶಾಂತಿಪರ್ವ ಇದೆ. ಗೆದ್ದ ಧರ್ಮರಾಯನೇ, ನನಗೆ ಈ ರಾಜ್ಯ ಬೇಡ, ಕಾಡಿಗೆ ಹೋಗ್ತೀನಿ ಅಂತ ಅಳ್ತಾನೆ. ತಮ್ಮಂದಿರು, ದ್ರೌಪದಿ, ವ್ಯಾಸರು, ಕೃಷ್ಣ ಎಲ್ಲರೂ ಸಮಾಧಾನ ಹೇಳ್ತಾರೆ, ಅವನಿಗೆ ಆಗೋದಿಲ್ಲ. ಕೊನೆಗೆ ಶರಶಯ್ಯೆಯಲ್ಲಿ ಮಲಗಿದ ಭೀಷ್ಮರ ಹತ್ತಿರ ಕರೆದುಕೊಂಡು ಹೋಗಿ ಕೂರಿಸ್ತಾರೆ. ಎಷ್ಟು ಉದ್ದದ ಪರ್ವ ಅದು! ಸಂಕಟಕ್ಕೆ ಅಷ್ಟು ಹೊತ್ತು ಬೇಕು ಅಂತ ಗೊತ್ತಿದ್ದವರು ಬರೆದದ್ದು. ನಾನು ಆ ಜವಾನರಿಗೆ ಧರ್ಮರಾಯ ಅತ್ತ ಕತೆ ಹೇಳ್ತಿದ್ದೆ. ಧರ್ಮರಾಯನೂ ಅತ್ತನಾ ಅಂತ ಕೇಳ್ತಿದ್ದರು. ಅಷ್ಟರಲ್ಲಿ ಅವರೂ ಅಳೋಕೆ ಶುರು ಮಾಡಿರ್ತಿದ್ದರು.

ನಿಮ್ಮ ಹತ್ತಿರ ಹೇಳಿದ್ದು ನಿಮ್ಮಲ್ಲೇ ಇರಬೇಕು. ಸಾಹೇಬರು ಕೇಳಿದರೂ ಸರಿ, ಮನೆಯವರು ಕೇಳಿದರೂ ಸರಿ. ಒಂದೇ ಒಂದು ಸಂದರ್ಭ ಬಿಟ್ಟು. ಅವನು ಜೀವ ಕಳಕೊಳ್ಳುವ ಮಾತಾಡಿದರೆ, ಅಥವಾ ಬೇರೆಯವರ ಜೀವಕ್ಕೆ ಅಪಾಯ ಅನ್ನಿಸಿದರೆ, ಒಬ್ಬನನ್ನೇ ಬಿಡಬೇಡಿ. "ಇದನ್ನ ನಾನೊಬ್ಬನೇ ಹೊರೋಕೆ ಆಗೋದಿಲ್ಲ, ಇಬ್ಬರೂ ಡಾಕ್ಟರ್ ಹತ್ತಿರ ಹೋಗೋಣ" ಅಂತ ಅವನಿಗೇ ಹೇಳಿ ಕರೆದುಕೊಂಡು ಹೋಗಿ. ಅವನ ಬೆನ್ನ ಹಿಂದೆ ಹೋಗಿ ಹೇಳಬೇಡಿ. ನಿಮಗೂ ನಿದ್ದೆ ಬಾರದ ದಿನಗಳು ಬರುತ್ತವೆ. ಇನ್ನೊಂದು ಯೂನಿಟ್ಟಿನ ಗ್ರಂಥಿಯೋ ಮೌಲ್ವಿಯೋ ಗೆಳೆಯನಾಗಿದ್ದರೆ ಫೋನ್ ಮಾಡಿ ಹೇಳಿಕೊಳ್ಳಿ. ನಾನು ಹಾಗೇ ಮಾಡಿದ್ದು.

ಪಲ್ಟನ್ ಕೆಳಗಿಳಿದ ಮೇಲೆ ಮಂದಿರದಲ್ಲಿ ದೊಡ್ಡ ಪೂಜೆ, ಪ್ರಸಾದ, ಎಲ್ಲ ಇರುತ್ತದೆ. ಬಂದವರನ್ನ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ನೋಟ್‌ಬುಕ್ ತೆಗೆದು ಯಾರು ಬಂದಿಲ್ಲ ನೋಡಿ. ಅವರನ್ನ ಹುಡುಕಿಕೊಂಡು ಹೋಗಿ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಅವರು ಸಿಗೋದು ಲಂಗರಿನ, ಅಂದರೆ ಯೂನಿಟ್ಟಿನ ಅಡುಗೆಮನೆಯ ಹಿಂದೆ, ಯಾರೂ ಹೇಳದಿದ್ದರೂ ಏನಾದರೂ ಕೆಲಸ ಮಾಡ್ತಾ ಕೂತಿರ್ತಾರೆ. ಯಾಕೆ ಪೂಜೆಗೆ ಬರಲಿಲ್ಲ ಅಂತ ಕೇಳಬೇಡಿ. ಇನ್ನೊಂದು ಚಾಕು ತಗೊಂಡು, ಪಕ್ಕದಲ್ಲಿ ಕೂತು, ಆಲೂಗಡ್ಡೆ ಸುಲಿಯೋಕೆ ಶುರು ಮಾಡಿ. ಕಣ್ಣು ಚಾಕುವಿನ ಮೇಲೇ ಇರಲಿ.